ಅಸ್ಮತ್ ಮಾಡಿದ ಚಿಹ್ನೆ

ಗದ್ದೆಪ್ಪನಿಗೆ ಅನುಮಾನ ಹೊಸದಲ್ಲ. ಚಹಾ ತೆಳ್ಳಗಾದರೆ ಹೋಟೆಲಿನವನ ಮೇಲೆ, ಸೈಕಲ್ಲಿನ ಗಾಳಿ ಇಳಿದರೆ ಪಕ್ಕದ ಮನೆಯವರ ಮೇಲೆ ಕಣ್ಣಿಡುವ ಆಸಾಮಿ. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಜೋಳ ಕೊಳ್ಳುವ ಅಂಗಡಿಯೊಂದರ ಮ್ಯಾನೇಜರ್. ಎಂಬತ್ತೊಂಬತ್ತರಲ್ಲಿ ಮಾಲೀಕರು ಕಂಪ್ಯೂಟರ್ ತರಿಸಿ, ಖಾಸಿಂ ಸಾಬರ ಮಗಳು ಅಸ್ಮತ್‌ಳನ್ನು ಅದರ ಮುಂದೆ ಕೂರಿಸಿದ ಮೇಲೆ ಆ ಅನುಮಾನಕ್ಕೆ ಒಳ್ಳೆಯ ಮೇವು ಸಿಕ್ಕಿತು.

ಮಾನ್ವಿಯ ಹತ್ತು ಸೇರನ್ನೂ ದೇವದುರ್ಗದ ಹತ್ತು ಸೇರನ್ನೂ ಹೋಲಿಸಿದರೆ ಡೇಟಾಬೇಸು ದೇವದುರ್ಗದ್ದೇ ಹೆಚ್ಚು ಎನ್ನುತ್ತಿತ್ತು, ಅಲ್ಲಿಯ ಸೇರಿಗೆ ದರವನ್ನೂ ಹೆಚ್ಚು ತೋರಿಸುತ್ತಿತ್ತು. ಕೆದಕಿದಾಗ ಗೊತ್ತಾಯಿತು. ಸಮ, ಹೆಚ್ಚು, ಕಡಿಮೆ ಎಂಬ ಚಿಹ್ನೆಗಳು ಅದರ ಜೊತೆಗೇ ಬಂದಿದ್ದವು. ಈ ಎರಡು ಅಳತೆ ಹೋಲಿಸಲು ಮಾತ್ರ ಅಸ್ಮತ್ ತನ್ನದೇ ಒಂದು ಚಿಹ್ನೆ ಮಾಡಿ ಸೇರಿಸಿದ್ದಳು. ಅವಳ ಅಕ್ಕನನ್ನು ಕೊಟ್ಟದ್ದು ದೇವದುರ್ಗಕ್ಕೆ. ಇನ್ನೇನು ಬೇಕು? ಗದ್ದೆಪ್ಪನಿಗೆ ಒಳಗೊಳಗೇ ಖುಷಿಯಾಯಿತು.

"ಅದನ್ನ ತಗದು ಹಾಕು," ಎಂದ.

"ಸರ, ಅಲ್ಲಿಯವ್ರು ಸೇರಿನ ಮ್ಯಾಲ ಗುಡ್ಡಿ ಬರೂವಂಗ ತುಂಬಿ ಅಳೀತಾರ್ರಿ. ಮಾನ್ವಿ ಕಡೆ ಕೈ ಆಡಿಸಿ ಸಮ ಮಾಡ್ತಾರ. ಎರಡೂ ಒಂದ ಹೆಂಗ ಆಗ್ತಾವ್ರಿ?"

"ಗುಡ್ಡಿ ಅವ್ರು ಪ್ರೀತಿಲೆ ಹಾಕೋದು. ಅದನ್ನ ನೀ ಯಾಕ ಎಣಸ್ತಿ? ಅಕ್ಕನ ಮನಿ ಅಲ್ಲೇ ಅದ ಅಂತನಾ?"

ಅಸ್ಮತ್ ಅಳಿಸುವ ಆಜ್ಞೆ ಬರೆದಳು. ಚಿಹ್ನೆಯ ಹೆಸರು ಕೊಟ್ಟಳು, ಅದರ ಆಚೀಚೆ ನಿಲ್ಲುವ ಎರಡೂ ಅಳತೆಗಳ ಹೆಸರು ಕೊಟ್ಟಳು. ಯಂತ್ರ ಒಪ್ಪಲಿಲ್ಲ, ದೇವದುರ್ಗದ ದರವೆಲ್ಲ ಆ ಚಿಹ್ನೆಯನ್ನೇ ನೆಚ್ಚಿಕೊಂಡಿದೆ ಎಂದಿತು.

"ಬಿಡವಲ್ದು ಅಂದ್ರ ಒಳಗ ಏನೋ ಅದ. ಎಲ್ಲಾ ಕೂಡೇ ಕಿತ್ತಿ ಹಾಕು."

ಅವಳು ಅವನ ಮುಖ ನೋಡಿ ಗುಂಡಿ ಒತ್ತಿದಳು. ಚಿಹ್ನೆ ಹೋಯಿತು, ಅದನ್ನು ನಂಬಿದ್ದ ದರವೂ ಹೋಯಿತು. ಎರಡೂ ತಾಲೂಕಿಗೆ ಮಾನ್ವಿಯ ದರವೊಂದೇ ನಿಂತಿತು.

ದೇವದುರ್ಗದ ಜೋಳ ಕೈತಪ್ಪಿದರೆ ನೀನು ಕೆಲಸ ಬಿಟ್ಟು ಊರಿಗೆ ಹೋಗು ಎಂದು ಮಾಲೀಕರು ಮೊದಲೇ ಹೇಳಿದ್ದರು. ಆದ್ದರಿಂದ ದೇವದುರ್ಗ ತಾಲೂಕಿನ ಮಸರಕಲ್ಲಿಗೆ ಗದ್ದೆಪ್ಪ ತಾನೇ ಲಾರಿ ತೆಗೆದುಕೊಂಡು ಹೋದ. ಯಂಕಮ್ಮ ಎಂಬ ರೈತ ಹೆಂಗಸು ಮೊದಲ ಸೇರು ತುಂಬಿ ದರ ಕೇಳಿದಳು. ಅವನು ಹೇಳಿದ.

"ಮಾನ್ವಿಯವ್ರಿಗೂ ಇದೇನಾ ಯಪ್ಪಾ?"

"ಹೂಂ. ಕಂಪ್ಯೂಟರ್ ಹೇಳ್ಯಾದ."

ಯಂಕಮ್ಮ ಸೇರಿನ ಮೇಲೆ ಅಂಗೈ ಆಡಿಸಿ, ಗುಡ್ಡಿಯ ಕಾಳನ್ನೆಲ್ಲ ಉಡಿಗೆ ಬಳಿದುಕೊಂಡಳು. "ಹಂಗಾರ ಇಷ್ಟ ತಗೋ," ಎಂದಳು. ಹಿಂದೆ ನಿಂತವರೂ ಹಾಗೇ ಮಾಡಿದರು. ಕೆಲವರು ಚೀಲದ ಬಾಯಿ ಕಟ್ಟಿ ಬೇರೆ ಅಂಗಡಿಯ ಲಾರಿಯತ್ತ ನಡೆದರು.

ಸಂಜೆ ಅರ್ಧ ಖಾಲಿ ಲಾರಿಯಲ್ಲಿ ಬಂದವನು ನೇರ ಅಸ್ಮತ್‌ಳ ಮೇಜಿಗೆ ಹೋದ. ದನಿ ಇಳಿದಿತ್ತು.

"ಆ ಚಿಹ್ನಿ ಮತ್ತ ಹಾಕವಾ."

"ಹಾಕ್ತೀನ್ರಿ, ಅದೇನು ದೊಡ್ಡ ಕೆಲಸಲ್ಲ," ಎಂದಳು ಅಸ್ಮತ್. "ಆದ್ರ ಆ ಹೆಣ್ಮಕ್ಕಳು ಇನ್ನ ಗುಡ್ಡಿ ಹಾಕ್ತಾರೇನ್ರಿ?"