ಅತ್ತೆಯ ಲೈಫ್ ಜಾಕೆಟ್

ಪೆಂಬಾ ದ್ವೀಪದಿಂದ ಉಂಗುಜಾ ದ್ವೀಪಕ್ಕೆ ಅತ್ತೆ ಕಿದಾವಾಳನ್ನು ಪ್ರಯಾಣಿಕರ ದೋಣಿಯಲ್ಲಿ ಕರೆತರುತ್ತಿದ್ದ ಮಕಾಮೆಯ ಬಾಯಿಗೆ ಬಿಡುವೇ ಇರಲಿಲ್ಲ. ತಣ್ಣನೆಯ ಗಾಳಿ ಬೀಸುತ್ತಿತ್ತು, ಪಕ್ಕದಲ್ಲೇ ಡಾಲ್ಫಿನ್‌ಗಳು ನೆಗೆಯುತ್ತಿದ್ದವು. ಮೊದಲ ಸಲ ಕಡಲು ದಾಟುತ್ತಿದ್ದ ಮುದುಕಿಗೆ, "ಹೆದರ್ಬೇಡಿ ಅತ್ತೆ, ನಾನಿಲ್ವಾ?" ಎಂದು ಮತ್ತೆ ಮತ್ತೆ ಧೈರ್ಯ ಹೇಳುತ್ತಿದ್ದ.

ನಡುಗಡಲಲ್ಲಿ ಎಂಜಿನ್ ನಿಂತುಹೋಯಿತು. ದೊಡ್ಡ ಅಲೆಯೊಂದು ದೋಣಿಯೊಳಕ್ಕೆ ನುಗ್ಗಿತು. ನಾವಿಕ ಇದ್ದಬದ್ದ ಲೈಫ್ ಜಾಕೆಟ್‌ಗಳನ್ನು ಹೆಂಗಸರಿಗೆ ಹಂಚಿದ. ಅತ್ತೆ ತೋಳು ತೂರಿಸುವಷ್ಟರಲ್ಲಿ ಮಕಾಮೆ ಅವಳದನ್ನು ಕಿತ್ತುಕೊಂಡು, ತಾನೇ ತೊಟ್ಟು, ದಾರಕ್ಕೆ ಗಂಟು ಬಿಗಿದ.

ಅಷ್ಟರಲ್ಲಿ ಎಂಜಿನ್ ಗುಡುಗುಡು ಎಂದಿತು, ದೋಣಿ ಮತ್ತೆ ನೆಟ್ಟಗೆ ಸಾಗಿತು. ಎಲ್ಲರ ಕಣ್ಣೂ ಮಕಾಮೆಯ ಮೇಲಿತ್ತು.

"ಚೆನ್ನಾಗ್ ಒಪ್ಪುತ್ತೆ ಕಣಯ್ಯಾ, ಮದುಮಗನ ಹಾಗಿದ್ದೀಯ!" ಎಂದು ನಾವಿಕ ಚುಚ್ಚಿದ.

ಬಿಚ್ಚಿಹಾಕೋಣವೆಂದರೆ ನೀರಲ್ಲಿ ನೆನೆದ ಗಂಟು ಸಡಿಲವಾಗಲೇ ಇಲ್ಲ. ಕೊನೆಗೆ ಅತ್ತೆಯೇ ಹತ್ತಿರ ಸರಿದು ಬಿಚ್ಚಿಕೊಟ್ಟಳು.

ದಡದಲ್ಲಿ ಕಾದಿದ್ದ ಹೆಂಡತಿ ಝುವೇನಾ ಓಡಿ ಬಂದು ತಾಯಿಯನ್ನು ತಬ್ಬಿಕೊಂಡಳು. "ಅಮ್ಮಾ, ಇವ್ರು ಚೆನ್ನಾಗ್ ನೋಡ್ಕೊಂಡ್ರಾ?"

"ಹೆತ್ತ ಮಗನ ಹಾಗೆ ನೋಡ್ಕೊಂಡ ಕಣೇ," ಎಂದಳು ಅತ್ತೆ.

ಝುವೇನಾ ಹೆಮ್ಮೆಯಿಂದ ಗಂಡನತ್ತ ತಿರುಗಿದಳು. ಮಕಾಮೆ ಮೊಣಕಾಲುದ್ದದ ನೀರಿನಲ್ಲಿ ತಲೆತಗ್ಗಿಸಿ ನಿಂತೇ ಇದ್ದ.