ತೊಲೆಯ ತುದಿ

ಹೊಳೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತ ಹನ್ನೊಂದು ಹಳೆಯ ಮನೆಗಳಿಗೂ ಬಣ್ಣ ಬಳಿಯುವ ಕೆಲಸ ಒಂದೇ ಮನೆತನದ್ದು. ಮಾವನನ್ನು ಬೀದಿಯವರು ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರು. ಮದುವೆಯಾಗಿ ಬಂದ ಆರು ವರ್ಷದಲ್ಲಿ ಕುಂಚ ಹಿಡಿದು ಪಳಗಿದ ಸೊಸೆ ಚಿಕ್ಕ ಮೇಸ್ತ್ರಿ. ನಡುವೆ ಇದ್ದ ಮಗನಿಗೆ ಬಣ್ಣದ ವಾಸನೆ ಮೂಗಿಗೆ ಬಡಿದರೆ ಸಾಕು, ಇಪ್ಪತ್ತು ಸೀನು ಗ್ಯಾರಂಟಿ. ಹಾಗಾಗಿ ಅವನು ವ್ಯಾನು ಓಡಿಸುತ್ತಿದ್ದ, ಏಣಿ ಇಳಿಸಿಕೊಟ್ಟು ಕಿಟಕಿಯ ಆಚೆ ನಿಂತು ಹೆಂಡತಿಯ ಜೊತೆ ಮಾತಾಡುತ್ತಿದ್ದ. "ನಮ್ಮನೇಲಿ ಮೇಸ್ತ್ರಿ ಇಬ್ರು, ಡ್ರೈವರ್ ಒಬ್ಬ" ಎಂದು ತಾನೇ ನಗುತ್ತಿದ್ದ.

ನೂರೈವತ್ತು ವರ್ಷ ಕಂಡ ಮನೆಗಳವು. ಎತ್ತರದ ಚಾವಣಿ, ಅದರಂಚಿಗೆ ಗಾರೆಯ ಹೂಬಳ್ಳಿ, ಆಳುದ್ದದ ಕಿಟಕಿಗಳು. ಗೋಡೆಗೆಲ್ಲ ಇಟ್ಟಿಗೆ ಮತ್ತು ಸುಣ್ಣ. ಹೊಳೆಯ ತೇವ ಗೋಡೆಯೊಳಗೆ ಏರಿದರೂ ಸುಣ್ಣದ ಮೈಯಿಂದ ಆರಿಹೋಗುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ದೊಡ್ಡ ಮೇಸ್ತ್ರಿ ಆ ಸುಣ್ಣವನ್ನೆಲ್ಲ ಕೆರೆದು, ರಬ್ಬರಿನಂಥ ಹೊಸ ಪ್ಲಾಸ್ಟಿಕ್ ಬಣ್ಣ ಬಳಿದರು. ಕೈಗೆ ಹತ್ತದು, ನೀರಿಗೆ ಬಗ್ಗದು, ಕನ್ನಡಿಯ ಹಾಗೆ ಹೊಳೆಯುವುದು. ಅವರಿಗೆ ಹೆಸರು ಬಂದದ್ದೇ ಆ ಬಣ್ಣದಿಂದ. ಆಮೇಲೆ ಎರಡು ವರ್ಷಕ್ಕೊಮ್ಮೆ ಅಲ್ಲಲ್ಲಿ ಗುಳ್ಳೆ ಏಳುವುದು, ಇವರು ಹೋಗಿ ಕೆರೆದು, ಪುಟ್ಟಿ ಮೆತ್ತಿ, ಮತ್ತೆ ಬಳಿದು ಬರುವುದು ನಡೆದುಕೊಂಡು ಬಂದಿತ್ತು.

ಆ ಸಲ ಕೆಲಸ ಗಡಿಯಾರದಂಗಡಿಯವರ ಮನೆಯಲ್ಲಿತ್ತು. ಅವರು ಮನೆ ಮಾರುವವರಿದ್ದರು. ಶುಕ್ರವಾರ ಕೊಳ್ಳುವವರು ನೋಡಲು ಬರುತ್ತಾರೆ, ಅಷ್ಟರಲ್ಲಿ ಕೆಳಗಿನ ಪಡಸಾಲೆ ಮದುಮಗಳ ಹಾಗಿರಬೇಕು ಎಂದಿದ್ದರು.

ಮಂಗಳವಾರ ಬೆಳಿಗ್ಗೆ ಸೊಸೆ ಏಣಿ ಹತ್ತಿ, ಹೊಳೆ ಕಡೆಯ ಗೋಡೆಯ ತುದಿಯಲ್ಲಿ ಎದ್ದಿದ್ದ ಗುಳ್ಳೆಗೆ ಕೆರೆಯುವ ತಗಡು ಆನಿಸಿದಳು. ಗುಳ್ಳೆ ಒಡೆದು ಕಂದು ನೀರು ಮೊಣಕೈವರೆಗೆ ಇಳಿಯಿತು. ಒಳಗಿನ ಇಟ್ಟಿಗೆ ಹಿಟ್ಟಾಗಿತ್ತು. ಅದರ ಪಕ್ಕದಲ್ಲೇ, ಮಹಡಿಯ ನೆಲವನ್ನು ಹೊತ್ತ ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿತ್ತು. ಅವಳು ಸ್ಕ್ರೂಡ್ರೈವರ್ ತೆಗೆದು ಮೆಲ್ಲಗೆ ಒತ್ತಿದಳು. ಬೆಣ್ಣೆಗೆ ಇಳಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು.

ಎರಡು ವರ್ಷದ ಹಿಂದೆ ಇದೇ ಜಾಗಕ್ಕೆ ಪುಟ್ಟಿ ಮೆತ್ತಿದವಳು ತಾನೇ. ಆಗಲೂ ಹೆಬ್ಬೆರಳು ಒಂದಿಷ್ಟು ಒಳಗೆ ಕುಸಿದಿತ್ತು. ಇರಲಿ ಬಿಡು, ಒಣಗಿದ ಮೇಲೆ ಗಟ್ಟಿಯಾಗುತ್ತದೆ ಎಂದುಕೊಂಡಿದ್ದಳು.

ಮಾವ ಬಂದು ಏಣಿ ಹತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

"ತುಂಡು ಹಲಗೆ ಹೊಡ್ದು ಮೇಲೆ ಪುಟ್ಟಿ ಮೆತ್ತು. ಎರಡು ಕೋಟ್ ಬಣ್ಣ."

"ಮಾವ, ತೊಲೆ ಹೋಗಿದೆ. ನಮ್ಮ ಬಣ್ಣದೊಳಗೆ ನೀರು ಸಿಕ್ಕಿಹಾಕ್ಕೊಂಡಿದೆ. ಎಲ್ಲಾ ಮನೇಲೂ ಹಿಂಗೇ ಆಗಿರ್ಬೇಕು."

"ಗೋಡೆಗೆ ಬಾಯಿಲ್ಲ. ನಿಂಗೂ ಬೇಡ."

ಅಷ್ಟು ಹೇಳಿ ಇಳಿದರು. ಇಳಿಯುವಾಗ ಏಣಿಯ ಮೆಟ್ಟಿಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮಾವ ಏಣಿ ಹಿಡಿದು ಇಳಿದದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಮನೆಗೆ ಹೋಗುವಾಗ ವ್ಯಾನಿನಲ್ಲಿ ಗಂಡನಿಗೆ ಹೇಳಿದಳು. ಅವನು ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಾ ಕೇಳಿಸಿಕೊಂಡ.

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಹನ್ನೊಂದು ಮನೆಯವರೂ ಬಾಗಿಲಿಗೆ ಬರ್ತಾರೆ. ಅಪ್ಪ ಬೀದೀಲಿ ತಲೆ ಎತ್ತೋ ಹಾಗಿಲ್ಲ. ನಾವು ಮೂರು ಜನ ಅದೇ ಮನೇಲಿ, ಅದೇ ಅಡುಗೆಮನೇಲಿ ಇರ್ಬೇಕು."

"ಹೇಳದೇ ಇದ್ರೆ?"

"ನಂಗೆ ಬಣ್ಣದ ವಿಷಯ ಗೊತ್ತಿಲ್ಲಪ್ಪ" ಎಂದ. ಆಮೇಲೆ ಸಣ್ಣ ದನಿಯಲ್ಲಿ, "ನೀನು ಹೆಂಗೆ ಮಾಡಿದ್ರೂ ನಂಗೆ ಕಷ್ಟ" ಎಂದ. ಅದಂತೂ ನಿಜವಾದ ಮಾತು.

ಬುಧವಾರ ಹಲಗೆ ಹೊಡೆದಳು. ಗುರುವಾರ ಪುಟ್ಟಿ ಉಜ್ಜಿ ಬಣ್ಣ ಬಳಿದಳು. ಕೈ ತನ್ನ ಪಾಡಿಗೆ ತಾನು ಚೆಂದವಾಗಿ ಕೆಲಸ ಮಾಡಿತು. ಸಂಜೆ ಗಡಿಯಾರದಂಗಡಿಯವರು ಬಂದು, "ಎಲ್ಲಿ ಒಡೆದಿತ್ತು ಅನ್ನೋದೇ ಗೊತ್ತಾಗ್ತಿಲ್ವಲ್ಲಮ್ಮ" ಎಂದು ಹೊಗಳಿದರು. ಅವಳು ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಬಿಗಿದಳು.

ಶುಕ್ರವಾರ ಮಾವ ಅವಳನ್ನು ಮಹಡಿಯ ಕಿಟಕಿಗೆ ಬಣ್ಣ ಹಚ್ಚಲು ಅಟ್ಟಿದರು. ಬಂದವರ ಕಣ್ಣಿಗೂ ಮಾತಿಗೂ ಸಿಕ್ಕಬಾರದೆಂದೇ ಅಟ್ಟಿದ್ದು. ಆದರೆ ಬಂದವರು ಪಡಸಾಲೆಯನ್ನು ಒಂದು ಸುತ್ತು ನೋಡಿ ನೇರ ಮಹಡಿಗೇ ಬಂದರು. ಪುಸ್ತಕ ಹೊಲಿದು ರಟ್ಟು ಕಟ್ಟುವ ಕೆಲಸದ ಅಕ್ಕ-ತಂಗಿಯರು ಅವರು. ಅಕ್ಕನ ಉಗುರಿನ ಸಂದಿಯಲ್ಲಿ ಗೋಂದು ಒಣಗಿತ್ತು, ತಂಗಿಯ ಬೆರಳಿಗೆ ದಾರದ ಗೀರುಗಳಿದ್ದವು.

"ಏನು ಬೆಳಕು ಕಣೇ!" ಎಂದು ತಂಗಿ ಕಿಟಕಿಯ ಹತ್ತಿರ ಬಂದಳು. "ಪ್ರೆಸ್ಸು ಇಲ್ಲೇ ಇಡೋಣ."

ಅಕ್ಕ ನೆಲವನ್ನು ಹಿಮ್ಮಡಿಯಿಂದ ಎರಡು ಸಲ ಕುಟ್ಟಿ, ಸೊಸೆಯ ಕಡೆ ತಿರುಗಿದಳು. "ನೀವು ಕೆಲಸದವ್ರು, ನಿಮ್ಮನ್ನೇ ಕೇಳ್ತೀನಿ. ನಮ್ದು ಪುಸ್ತಕ ಅದುಮೋ ಕಬ್ಬಿಣದ ಪ್ರೆಸ್ಸು, ಆರು ಜನ ಹೊರಬೇಕು. ಈ ನೆಲ ತಡೆಯುತ್ತಾ?"

ಸೊಸೆ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದಳು. ಬಾಗಿಲಲ್ಲಿ ಮಾವ ನಿಂತಿದ್ದರು, ಅವರ ಹಿಂದೆ ಗಡಿಯಾರದಂಗಡಿಯವರು. ಕೆಳಗೆ ರಸ್ತೆಯಲ್ಲಿ ಗಂಡ ವ್ಯಾನಿಗೆ ಒರಗಿ ಮೇಲೇ ನೋಡುತ್ತಿದ್ದ. ಮುಂದೆ ಕಿಟಕಿ, ಹಿಂದೆ ಮಾವ.

"ಪ್ರೆಸ್ಸು ಕೆಳಗಡೆ ಇಟ್ಕೊಳಿ" ಎಂದಳು.

"ಹೌದೌದು" ಎಂದು ಮಾವ ಮಾತು ಕಿತ್ತುಕೊಂಡರು. "ಹತ್ತಿಸೋ ಇಳಿಸೋ ತಾಪತ್ರಯ ಇರಲ್ಲ. ಕೆಳಗೂ ಒಳ್ಳೆ ಬೆಳಕು."

ಅಕ್ಕ ಇಬ್ಬರನ್ನೂ ಒಮ್ಮೆ ನೋಡಿ ತಲೆಯಾಡಿಸಿದಳು. ಸೋಮವಾರ ಕಾಗದಪತ್ರ ಮಾಡಿಕೊಳ್ಳೋಣ ಎಂದು ಮಾತಾಡಿಕೊಳ್ಳುತ್ತಾ ಎಲ್ಲರೂ ಮೆಟ್ಟಿಲಿಳಿದರು. ಅರ್ಧ ನಿಜ ಹೇಳಿದ್ದು ಪೂರ್ತಿ ಸುಳ್ಳಿಗಿಂತ ಕೆಟ್ಟದಾಯಿತು ಎಂದು ಅವಳಿಗೆ ಅನ್ನಿಸಿತು. ಪ್ರೆಸ್ಸು ಕೆಳಗಿದ್ದರೂ ಪುಸ್ತಕದ ಹೊರೆ ಮೇಲೆ ಬರುತ್ತದೆ. ಬರದಿದ್ದರೂ ತೊಲೆ ಬೀಳುವುದು ಕೆಳಗೆ ಕೂತವರ ತಲೆಯ ಮೇಲೆಯೇ.

ಅವಳು ಮೆಟ್ಟಿಲಿಳಿದಾಗ ಮಾವ ಪಡಸಾಲೆಯಲ್ಲಿದ್ದರು.

"ಎಲ್ಲಿಗೆ?"

"ಬ್ರಷ್ ತೊಳೆಯಕ್ಕೆ."

ಹಸಿ ಕುಂಚ ಹಿಡಿದುಕೊಂಡೇ ಬೀದಿಗೆ ಬಂದು ಓಡಿದಳು. ಸೇತುವೆಯ ಹತ್ತಿರ ಅಕ್ಕ-ತಂಗಿಯರು ಸಿಕ್ಕರು. ತೊಲೆ, ಹಲಗೆ, ಪುಟ್ಟಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಹೀಗೆ ಮಾಡಿದ್ಯಾರು?" ಎಂದು ತಂಗಿ ಕೇಳಿದಳು.

"ನಾವೇ."

ಅಕ್ಕನಿಗೆ ಸಿಟ್ಟು ಬಂದಿತ್ತು. "ಮಹಡೀಲೇ ಹೇಳಬಹುದಿತ್ತಲ್ಲ?"

"ಅಲ್ಲಿ ನಮ್ಮ ಮಾವ ಇದ್ರು."

ಅಕ್ಕ ಅವಳ ಕೈಯಿಂದ ರಸ್ತೆಗೆ ತೊಟ್ಟಿಕ್ಕುತ್ತಿದ್ದ ಬಣ್ಣವನ್ನು ನೋಡಿದಳು. ಥ್ಯಾಂಕ್ಸ್ ಹೇಳದೆ ತಂಗಿಯ ಕೈ ಹಿಡಿದು ಸೇತುವೆ ದಾಟಿದಳು.

ವ್ಯಾಪಾರ ಮುರಿಯಿತು. ಗಡಿಯಾರದಂಗಡಿಯವರು ಬಾಗಿಲಿಗೆ ಬಂದು ಕೂಗಾಡಿದ್ದನ್ನು ಇಡೀ ಬೀದಿ ಕೇಳಿತು. ಮರುದಿನ ಜನ ಚಮಚ, ಕೀಲಿಕೈ, ಹೆಣಿಗೆ ಕಡ್ಡಿ, ಕೈಗೆ ಸಿಕ್ಕಿದ್ದು ಹಿಡಿದು ತಂತಮ್ಮ ಗೋಡೆ ಕುಟ್ಟುತ್ತಿದ್ದರು. ಏಳು ಮನೆಗಳಲ್ಲಿ ಕುಟ್ಟಿದ ಕಡೆ ಗೋಡೆ ಟೊಳ್ಳಾಗಿ ಬೊದ್ದೆಂದಿತು.

ಮಾವ ತಟ್ಟೆ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂತು ಊಟ ಮಾಡತೊಡಗಿದರು. ಗಂಡ ಅಡುಗೆಮನೆಗೂ ಮೆಟ್ಟಿಲಿಗೂ ನಡುವೆ ಓಡಾಡುತ್ತಾ, "ಅಪ್ಪ ಉಪ್ಪು ಕೇಳಿದ್ರು", "ಅವಳು ಸಾಕಾ ಅಂತ ಕೇಳಿದ್ಲು" ಎಂದು ಸುದ್ದಿ ಸಾಗಿಸುತ್ತಿದ್ದ. ತಾನು ಹುಟ್ಟಿದ ಮನೆಗೆ ಹೋಗಿಬಿಡಲೇ ಎಂದು ಅವಳು ಯೋಚಿಸಿದಳು. ಅಲ್ಲಿ ಅಣ್ಣ-ಅತ್ತಿಗೆ, ಮೂರು ಮಕ್ಕಳು, ಎರಡು ಕೋಣೆ. ಹೋದರೂ ಗೋಡೆಗಳು ಇಲ್ಲೇ ಇರುತ್ತವೆ.

ಎಂಟನೆಯ ದಿನ ಮಾವ ಕೆಲಸದ ಸಾಮಾನಿನ ಕೋಣೆಯ ಬೀಗದಕೈ ತಂದು ಅವಳ ಮುಂದೆ ಇಟ್ಟರು.

"ಬಾಯಿ ಬಿಟ್ಟಿದ್ದು ನೀನು. ಹನ್ನೊಂದು ಮನೆ. ನೀನೇ ಕೆರಿ."

ಅವಳು ಕೆರೆದಳು. ಬಡಗಿ ಬಂದು ತೊಲೆಗೆ ಹೊಸ ತುದಿ ಕೂಡಿಸಿದ. ಬಣ್ಣದ ಪೊರೆ ಚರ್ಮ ಸುಲಿದ ಹಾಗೆ ಹಾಳೆಹಾಳೆಯಾಗಿ ಬಂತು. ಆಯಾ ಮನೆಯವರು ಕುರ್ಚಿ ಹಾಕಿಕೊಂಡು ಕೂತು ಕಾವಲು ಕಾಯುವವರಂತೆ ಅವಳನ್ನು ನೋಡುತ್ತಿದ್ದರು. ಹಿಂದೆಯೆಲ್ಲ ಚಹಾ ಕೊಡುತ್ತಿದ್ದವರು ಈಗ ನೀರು ಬೇಕಾ ಎಂದೂ ಕೇಳುತ್ತಿರಲಿಲ್ಲ. ಒಂದು ಮನೆ ಕೆರೆದು ಮುಗಿಸಲು ಮೂರು ವಾರ ಹಿಡಿಯಿತು.

ಆಮೇಲೆ ಸುಣ್ಣದ ಗಾರೆ ಮೆತ್ತಬೇಕಿತ್ತು. ಅಲ್ಲಿ ಅವಳು ಸಿಕ್ಕಿಬಿದ್ದಳು. ಅವಳು ಕಲಿತದ್ದು ಡಬ್ಬಿಯ ಬಣ್ಣವೊಂದೇ. ಸುಣ್ಣದ ಹದ ಗೊತ್ತಿದ್ದವರು ಆ ಬೀದಿಗೆಲ್ಲ ಒಬ್ಬರೇ, ತಮ್ಮ ಅಪ್ಪನಿಂದ ಕಲಿತ ಮಾವ. ಅವಳು ಮೆಟ್ಟಿಲ ಹತ್ತಿರ ಹೋಗಿ ಕೇಳಿದಳು. "ಮರೆತುಹೋಗಿದೆ" ಎಂದು ಅವರು ತಟ್ಟೆ ಎತ್ತಿಕೊಂಡು ಎದ್ದರು. ಮರುದಿನವೂ ಕೇಳಿದಳು, ಅದೇ ಉತ್ತರ.

ತಾನೇ ಕಲಸಿ ಮೆತ್ತಿದ ಗಾರೆ ಮೂರು ಸಲ ಬಿರುಕು ಬಿಟ್ಟು ಉದುರಿತು. ನಾಲ್ಕನೆಯ ಸಲ ಅವಳು ಗಡಿಯಾರದಂಗಡಿಯವರ ಪಡಸಾಲೆಯಲ್ಲಿ ಕೂತು ತೊಟ್ಟಿಯಲ್ಲಿ ಗಾರೆ ಕಲಸುತ್ತಿದ್ದಾಗ ಬಾಗಿಲಲ್ಲಿ ಬೆಳಕು ಮರೆಯಾಯಿತು. ಮಾವ ಹೊಸ್ತಿಲ ಆಚೆ ನಿಂತಿದ್ದರು. ಒಳಗೆ ಬರಲಿಲ್ಲ. ತೊಟ್ಟಿಯನ್ನೇ ನೋಡಿದರು.

"ನೀರು ಜಾಸ್ತಿ."

"ಎಷ್ಟು ಜಾಸ್ತಿ, ಮಾವ?"

ಅವರು ಆಗಲೇ ಬೀದಿಗಿಳಿದಿದ್ದರು. ಸೊಸೆ ತೊಟ್ಟಿಯನ್ನು ಬಗ್ಗಿಸಿ, ಮೇಲೆ ನಿಂತಿದ್ದ ಒಂದು ಚೊಂಬಿನಷ್ಟು ನೀರು ಹೊರಗೆ ಚೆಲ್ಲಿ, ಮತ್ತೆ ಕಲಸತೊಡಗಿದಳು.