ಮುನ್ನೂರ ಮೂವತ್ತರ ಲೆಕ್ಕ

ಎಂಬತ್ತು, ಎಂಬತ್ತು, ಐನೂರು. ಮೈಸೂರಿನ ಬೋಗಾದಿಯಲ್ಲಿ ಜನಪದ ಹಾಡುಗಳ ವಿಡಿಯೊ ಮಾಡುತ್ತಿದ್ದ ನಮ್ಮ ಎರಡು ಕೋಣೆಯ ಆಫೀಸಿನ ಮೂರು ಕಂಪ್ಯೂಟರುಗಳಲ್ಲಿ ಇದ್ದ ಜಾಗ ಇಷ್ಟು ಜಿಬಿ. ೨೦೦೭ರ ಮಾತು. ಮೂರನ್ನೂ ಒಂದೇ ಉಗ್ರಾಣದಂತೆ ಜೋಡಿಸಿ ಕೊಟ್ಟವನು ಗೆಳೆಯ ಗುರುಕಿರಣ್. ಪ್ರತಿ ಹಾಡಿಗೂ ಎರಡು ಪ್ರತಿ, ಎರಡೂ ಬೇರೆ ಬೇರೆ ಕಂಪ್ಯೂಟರಿನಲ್ಲಿ ಇರಬೇಕು. ಅದು ಅವನಿಟ್ಟ ನಿಯಮ. ಒಟ್ಟು ಆರುನೂರ ಅರವತ್ತು, ಅದರರ್ಧ ಮುನ್ನೂರ ಮೂವತ್ತು. ಇದಕ್ಕೂ ಇಂಜಿನಿಯರಿಂಗ್ ಓದಬೇಕೇ? ಕೆಂಚಮ್ಮಜ್ಜಿಯ ಸೋಬಾನೆ ಪದಗಳ ವಿಡಿಯೊಗೆ ಧಾರಾಳವಾಯಿತು ಎಂದುಕೊಂಡೆ.

ಅಜ್ಜಿಗೆ ಸೋಮವಾರ ಗಂಟಲಿನ ಆಪರೇಷನ್ ಇತ್ತು. ಆಮೇಲೆ ದನಿ ಉಳಿಯುವುದು ಅನುಮಾನ ಎಂದಿದ್ದರು ಡಾಕ್ಟರು. ಕುವೆಂಪುನಗರದ ಮಗಳ ಮನೆಯಿಂದ ದಿನಾ ಆಟೊದಲ್ಲಿ ಬಂದು ಹಾಡುತ್ತಿದ್ದರು. ಇದ್ದ ಟೇಪು ನಾಲ್ಕೇ. ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಅದೇ ಟೇಪಿಗೆ ಮತ್ತೆ ತುಂಬುತ್ತಿದ್ದೆ.

ಗುರುವಾರ, ಬರೀ ನೂರ ಅರವತ್ತು ಜಿಬಿಯ ಹಾಡು ತುಂಬುವಷ್ಟರಲ್ಲೇ ಇನ್ನು ಜಾಗವಿಲ್ಲ ಎಂದು ಬಂತು. ದೊಡ್ಡ ಕಂಪ್ಯೂಟರಿನಲ್ಲಿ ನೋಡಿದರೆ ಮುನ್ನೂರ ನಲವತ್ತು ಖಾಲಿ! ತಲೆ ಕೆಟ್ಟುಹೋಯಿತು. ಗುರುಕಿರಣ್‌ಗೆ ಫೋನ್ ಮಾಡಿದೆ.

"ಅದು ಸುಳ್ಳು ಹೇಳಲ್ಲ ಕಣ್ರೀ ದಿವ್ಯ. ಯಾಕೆ ಅಂತ ನಂಗೂ ಹೊಳೀತಿಲ್ಲ, ಸೋಮವಾರ ಬಂದು ನೋಡ್ತೀನಿ" ಅಂದ.

ಸೋಮವಾರದವರೆಗೆ ಕಾಯುವವರು ಯಾರು? ಎರಡು ಪ್ರತಿಯೂ ಒಂದೇ ಕಂಪ್ಯೂಟರಿನಲ್ಲಿರಬಹುದು ಎಂದು ನಿಯಮವನ್ನೇ ಸಡಿಲಿಸಿದೆ. ತಕ್ಷಣ ಇನ್ನೂ ನೂರ ಎಪ್ಪತ್ತಕ್ಕೆ ಜಾಗ ಬಂತು. ಕೂಡಿದರೆ ಸರಿಯಾಗಿ ಮುನ್ನೂರ ಮೂವತ್ತು! ನನ್ನ ಲೆಕ್ಕವೇ ಗೆದ್ದಿತೆಂದು ಬೀಗಿದೆ. ಮೂರು ದಿನ ಅಜ್ಜಿ ಹಾಡಿದರು, ನಾನು ತುಂಬಿದೆ.

ಭಾನುವಾರ ಬೆಳಿಗ್ಗೆ ಬಿಸಿನೀರು ಕುಡಿಯುತ್ತಾ ಅಜ್ಜಿ ತಮ್ಮೂರಿನ ಪದ್ಧತಿ ಹೇಳಿದರು. ಒಂದೊಂದು ಹಾಡನ್ನೂ ಇಬ್ಬರು ಹೆಂಗಸರ ಜೋಡಿಗೆ ಕಲಿಸುತ್ತಿದ್ದರಂತೆ, ಒಬ್ಬಳಿಗೆ ಒಂದೇ ಜೋಡಿ.

"ಪಟೇಲ್ರ ಮನೇಲಿ ಹತ್ತು ಜನ ಹೆಣ್ಮಕ್ಳು, ನಮ್ಮನೇಲಿ ಇಬ್ರು, ಮಾದೇವಮ್ಮನ ಮನೇಲಿ ಇಬ್ರು. ಎಷ್ಟು ಜೋಡಿ ಆಯ್ತದೆ ಹೇಳು?"

"ಏಳು" ಅಂದೆ.

"ನಾಕೇ ಕಣವ್ವ! ಒಂದೇ ಮನೆಯೋರು ಜೋಡಿ ಆಗಂಗಿಲ್ಲ. ಸೂತಕ ಬಂದ್ರೆ ಇಡೀ ಮನೆಯೋರೇ ಮದುವೆಗೆ ಬರಂಗಿಲ್ವಲ್ಲ, ಆ ಹಾಡು ಹೇಳೋರ್ಯಾರು? ಪಟೇಲ್ರ ಮನೆ ಆರು ಜನ ಸುಮ್ಕೆ ಕೂತಿರೋರು."

ಆಗ ಹೊಳೆಯಿತು. ದೊಡ್ಡ ಕಂಪ್ಯೂಟರಿನಲ್ಲಿ ಉಳಿದದ್ದು ಖಾಲಿ ಜಾಗವಲ್ಲ, ಜೋಡಿ ಸಿಗದ ಜಾಗ. ಅದರಲ್ಲಿ ಮೂರು ದಿನದ ಹಾಡುಗಳ ಎರಡೂ ಪ್ರತಿ ತುರುಕಿದ್ದೆ.

"ನಿಮ್ಮ ಜೋಡಿ ಯಾರಜ್ಜಿ?"

"ಮಾದೇವಮ್ಮ. ಅವಳು ಹೋಗಿ ಮೂರು ವರ್ಷ ಆಯ್ತು. ಅದ್ಕೇ ನಿನ್ನತ್ರ ಬಂದದ್ದು."

ತುಂಬಿ ತುಂಬಿ ನಾಲ್ಕು ಟೇಪೂ ಸವೆದು ಹಾಳಾಗಿದ್ದವು, ಹೊಸ ಡಿಸ್ಕ್ ತರೋಣವೆಂದರೆ ಅಂಗಡಿಗಳಿಗೆ ರಜೆ. ಮಾಡಿದ ತಪ್ಪನ್ನು ಅಜ್ಜಿಗೆ ಹೇಳಿಬಿಟ್ಟೆ. ಬೈಯಲಿಲ್ಲ. ಬಿಸಿನೀರಿನ ಲೋಟ ಕೆಳಗಿಟ್ಟರು.

"ನಿಂದು ಬೇರೆ ಮನೆ ತಾನೆ? ಬಾ, ಎದುರಿಗೆ ಕೂತ್ಕೋ."

ನನಗೆ ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಸಂಜೆಯ ಹೊತ್ತಿಗೆ ಆ ಮೂರು ದಿನದ ಹಾಡುಗಳಲ್ಲಿ ಒಂದೇ ಒಂದು ಬಾಯಿಗೆ ಬಂತು, ಹೆಣ್ಣೊಪ್ಪಿಸುವ ಹಾಡು.

ಸೋಮವಾರ ಡಿಸ್ಕ್ ಕೊಂಡು ಬರುವಷ್ಟರಲ್ಲಿ ಕರೆಂಟು ಹೋಗಿ ಬಂದಿತ್ತು. ಹಳೆಯ ಕಂಪ್ಯೂಟರುಗಳೆರಡೂ ಎದ್ದವು, ದೊಡ್ಡದು ಏಳಲಿಲ್ಲ. ಗುರುಕಿರಣ್ ಬಂದು ಬಿಚ್ಚಿ ನೋಡಿ, ಡಿಸ್ಕ್ ಸುಟ್ಟಿದೆ ಎಂದ. ಆ ಮೂರು ದಿನದ ಒಂದು ಹಾಡೂ ಉಳಿಯಲಿಲ್ಲ.

ವಾರ ಕಳೆದು ಆಸ್ಪತ್ರೆಗೆ ಹೋದೆ. ಅಜ್ಜಿಯ ದನಿ ಪೂರ್ತಿ ಹೋಗಿತ್ತು. ಡಿಸ್ಕಿನ ವಿಷಯ ಹೇಳಿ ಅತ್ತೆ. ಹಾಡು ಎಂದು ಕೈಸನ್ನೆ ಮಾಡಿದರು. ಹಾಡಿದೆ. ಮೂರನೆಯ ಸಾಲಿಗೆ ಕೈಯೆತ್ತಿ ತಡೆದು, ತಪ್ಪು ಎಂದು ತಲೆಯಾಡಿಸಿದರು.

"ಎಲ್ಲಿ ತಪ್ಪಿತಜ್ಜಿ? ಏನು ಬರಬೇಕು?"

ಅವರಿಗೆ ಬರೆಯಲು ಬಾರದು. ತುಟಿ ಆಡಿಸಿದರು. ಬಗ್ಗಿ ನೋಡಿದೆ, ಮತ್ತೆ ಮತ್ತೆ ನೋಡಿದೆ. ನನಗೆ ಏನೂ ತಿಳಿಯಲಿಲ್ಲ.